ಬಸ್ ನಿಲ್ದಾಣದ ಶೌಚಾಲಯ: ತೊಳೆಯೋಕೆ ಬರುವ ಹಾಗೆ ಕಟ್ಟಿ

ಬಸ್ ನಿಲ್ದಾಣದ ಕಟ್ಟಡಗಳ ಬಗ್ಗೆ ಏನು ಬೇಕಾದರೂ ಕೇಳಿ ಅಂತ ಹೇಳಿದ್ದೆವು. ಪ್ಲಾಟ್‌ಫಾರ್ಮು, ಚಾವಣಿ, ಬೆಂಚು, ಟಿಕೆಟ್ ಕೌಂಟರ್ ಬಗ್ಗೆ ಕೇಳುತ್ತಾರೆ ಅಂದುಕೊಂಡಿದ್ದೆ. ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಶೌಚಾಲಯದ ಮಾತೇ. ಸರಿಯೇ ಅಲ್ವಾ? ನಾಲ್ಕು ಗಂಟೆ ಬಸ್ಸಲ್ಲಿ ಕೂತು ಇಳಿದವರಿಗೆ ಮೊದಲು ಬೇಕಾಗೋದು ಅದೇ. ಹಾಗಾಗಿ ಈ ಸಲ ಪೂರ್ತಿ ಅಂಕಣ ಇದಕ್ಕೇ ಮೀಸಲು.

ಪ್ರಶ್ನೆ: ಮೇಡಂ, ನಾನು ಈಗಷ್ಟೇ ಕೆಲಸಕ್ಕೆ ಸೇರಿದ ಸಿವಿಲ್ ಇಂಜಿನಿಯರ್. ಒಂದು ಮಧ್ಯಮ ಗಾತ್ರದ ಬಸ್ ನಿಲ್ದಾಣದ ಶೌಚಾಲಯಕ್ಕೆ ಪ್ಲಾನ್ ಮಾಡುತ್ತಿದ್ದೇನೆ. ಗಂಡಸರಿಗೂ ಹೆಂಗಸರಿಗೂ ಸಮಸಮ ಜಾಗ ಕೊಟ್ಟಿದ್ದೇನೆ. ಇಷ್ಟು ಸಾಕಾ?

ಉತ್ತರ: ಸಾಕಾಗಲ್ಲ. ಜಾಗ ಸಮ ಕೊಟ್ಟ ಮಾತ್ರಕ್ಕೆ ಸೌಕರ್ಯ ಸಮ ಆಗೋದಿಲ್ಲ. ಒಂದು ಕಮೋಡಿನ ಕೋಣೆ ಹಿಡಿಯುವ ಜಾಗದಲ್ಲಿ ಎರಡು ಯೂರಿನಲ್ ಆರಾಮಾಗಿ ಕೂರುತ್ತವೆ. ಅಂದರೆ ಅಷ್ಟೇ ಜಾಗದಲ್ಲಿ ಗಂಡಸರ ಕಡೆ ಒಂದೇ ಹೊತ್ತಿಗೆ ಜಾಸ್ತಿ ಜನರಿಗೆ ಅನುಕೂಲ ಆಗುತ್ತದೆ. ಹೆಂಗಸರಿಗೆ ಸಮಯವೂ ಹೆಚ್ಚು ಬೇಕು. ಬಟ್ಟೆ ಸರಿಮಾಡಿಕೊಳ್ಳಬೇಕು, ಮುಟ್ಟಿನ ದಿನ ಇರಬಹುದು, ಗರ್ಭಿಣಿ ಇರಬಹುದು, ಕೈಯಲ್ಲಿ ಮಗು ಇರುತ್ತದೆ, ಮಗುವಿಗೂ ಆಗಬೇಕು.

ದಿನಕ್ಕೆ ಇಷ್ಟು ಸಾವಿರ ಪ್ರಯಾಣಿಕರು ಅಂತ ತಗೊಂಡು ಭಾಗಾಕಾರ ಮಾಡಬೇಡಿ. ದಿನದ ಅತಿ ಕೆಟ್ಟ ಹತ್ತು ನಿಮಿಷ ಯಾವುದು ಅಂತ ನೋಡಿ, ಅದಕ್ಕೆ ಲೆಕ್ಕ ಹಾಕಿ. ಉದಾಹರಣೆಗೆ 50 ಜನರ ಮೂರು ಬಸ್ಸು ಒಟ್ಟಿಗೆ ಬಂದವು ಅಂತ ಇಟ್ಟುಕೊಳ್ಳಿ. 150 ಜನರಲ್ಲಿ 60 ಜನ ಶೌಚಾಲಯದ ಕಡೆ ನಡೆದರು, 30 ಹೆಂಗಸರು, 30 ಗಂಡಸರು. ಬಾಗಿಲು ತೆಗೆದು ಒಳಗೆ ಹೋಗಿ ಹೊರಗೆ ಬರೋಕೆ ಒಬ್ಬ ಹೆಂಗಸಿಗೆ 3 ನಿಮಿಷ ಅಂದರೆ ಒಟ್ಟು 90 ನಿಮಿಷದ ಕೆಲಸ. ಅದು 10 ನಿಮಿಷದಲ್ಲಿ ಮುಗಿಯಬೇಕಾದರೆ 9 ಕೋಣೆ ಬೇಕು. ಗಂಡಸರಲ್ಲಿ ಹೆಚ್ಚಿನವರು ಯೂರಿನಲ್ ಬಳಸುತ್ತಾರೆ, ತಲಾ ಒಂದು ನಿಮಿಷ ಅಂದರೆ ಮೂರು ಯೂರಿನಲ್, ಜೊತೆಗೆ ಎರಡು ಮೂರು ಕೋಣೆ ಸಾಕು. ನೀವು ಹೆಂಗಸರಿಗೆ ಐದೇ ಕೋಣೆ ಕೊಟ್ಟರೆ ಕೊನೆಯವರ ಸರದಿ ಮುಗಿಯೋಕೆ 18 ನಿಮಿಷ. ಬಸ್ಸು ನಿಲ್ಲೋದು 10 ನಿಮಿಷ. ಅದಕ್ಕೇ ಎಷ್ಟೋ ಹೆಂಗಸರು ಪ್ರಯಾಣದ ದಿನ ನೀರೇ ಕುಡಿಯೋದಿಲ್ಲ. ಇದು ಅವರ ಅಭ್ಯಾಸ ಅಂತ ಸುಮ್ನೆ ಬಿಡುವ ವಿಷಯ ಅಲ್ಲ, ನಿಮ್ಮ ಪ್ಲಾನಿನಿಂದಲೇ ಆಗುವ ತೊಂದರೆ. ನ್ಯೂಯಾರ್ಕ್ ನಗರ 2005ರಲ್ಲಿ ಹೊಸ ಕ್ರೀಡಾಂಗಣ, ರಂಗಮಂದಿರದಂಥ ಕಡೆ ಗಂಡಸರಿಗೆ ಒಂದಿದ್ದರೆ ಹೆಂಗಸರಿಗೆ ಎರಡು ಇರಬೇಕು ಅಂತ ಕಾನೂನನ್ನೇ ಮಾಡಿತು.

ನಾನು ಇಟ್ಟುಕೊಂಡ ಅಂಕಿಗಳನ್ನೇ ನಕಲು ಮಾಡಬೇಡಿ. ರಜೆ ಮುಗಿದು ಜನ ವಾಪಸ್ ಹೊರಡುವ ಸಂಜೆ ಹೋಗಿ, ಒಂದು ಬೆಂಚಿನಲ್ಲಿ ಕೂತು, ಎಷ್ಟು ಬಸ್ಸು ಒಟ್ಟಿಗೆ ಬರುತ್ತವೆ, ಎಷ್ಟು ಜನ ಆ ಕಡೆ ನಡೆಯುತ್ತಾರೆ ಅಂತ ನೀವೇ ಎಣಿಸಿ. ಇನ್ನೊಂದು ಮಾತು. ಎರಡು ವಿಭಾಗಗಳ ಮಧ್ಯೆ ನಾಲ್ಕೈದು ಕೋಣೆಗಳನ್ನು ಯಾರು ಬೇಕಾದರೂ ಬಳಸುವ ಹಾಗೆ, ಬಾಗಿಲು ನೇರ ಹೊರಗಿನ ಜಗುಲಿಗೆ ತೆರೆಯುವ ಹಾಗೆ ಮಾಡಿ. ಯಾವ ಕಡೆ ನೂಕುನುಗ್ಗಲು ಇದೆಯೋ ಆ ಕಡೆಯವರು ಬಳಸುತ್ತಾರೆ. ಮಗಳನ್ನು ಕರೆದುಕೊಂಡು ಬಂದ ಅಪ್ಪನಿಗೂ, ವಯಸ್ಸಾದ ಹೆಂಡತಿಗೆ ಆಸರೆ ಕೊಡುವ ಗಂಡನಿಗೂ, ಎರಡೂ ಬೋರ್ಡಿನ ಮುಂದೆ ನಿಂತು ಮುಜುಗರಪಡುವ ಲಿಂಗತ್ವ ಅಲ್ಪಸಂಖ್ಯಾತರಿಗೂ ಇದೇ ದಾರಿ.

ಪ್ರಶ್ನೆ: ನಮ್ಮ ನಿಲ್ದಾಣದ ಶೌಚಾಲಯಕ್ಕೆ ಹೊಸದಾಗಿ ಟೈಲ್ಸ್ ಹಾಕಿದರು. ದಿನಕ್ಕೆ ಎಷ್ಟೋ ಸಲ ತೊಳೆಯುತ್ತಾರೆ. ಆದರೂ ವಾಸನೆ ಮಾತ್ರ ಹೋಗ್ತಿಲ್ಲ. ಯಾಕೆ?

ಉತ್ತರ: ವಾಸನೆ ಎಲ್ಲಿಂದ ಹುಟ್ಟುತ್ತಿದೆ ಅಂತ ಮೊದಲು ಹುಡುಕಬೇಕು. ಫಿನಾಯಿಲ್ ಅದನ್ನು ಮುಚ್ಚುತ್ತದೆ, ತೆಗೆಯೋದಿಲ್ಲ.

ಆಗಷ್ಟೇ ಹೊರಬಂದ ಮೂತ್ರಕ್ಕೆ ಅಂಥ ಘಾಟು ಇರೋದಿಲ್ಲ. ಅದು ಎಲ್ಲೋ ನಿಂತು, ಅದರಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದು ಅಮೋನಿಯಾ ಮಾಡಿದಾಗ ಮೂಗು ಮುಚ್ಚಿಕೊಳ್ಳುವಂಥ ಘಾಟು ಬರುತ್ತದೆ. ಅಂದರೆ ಪ್ರಶ್ನೆ ಇಷ್ಟೇ, ಅದು ನಿಲ್ಲೋಕೆ ಜಾಗ ಎಲ್ಲಿದೆ? ಯೂರಿನಲ್ ಕೆಳಗೆ ಬಗ್ಗಿ ಟಾರ್ಚ್ ಬಿಟ್ಟು ನೋಡಿ. ಟೈಲ್ಸ್ ನಡುವಿನ ಗೆರೆ ಬಿಳಿ ಇದ್ದದ್ದು ಕಂದು ಆಗಿರುತ್ತದೆ, ಉಗುರಲ್ಲಿ ಕೆರೆದರೆ ಪುಡಿ ಉದುರುತ್ತದೆ. ಸಾದಾ ಸಿಮೆಂಟಿನ ಆ ಗೆರೆ ಸ್ಪಂಜಿನ ಹಾಗೆ ಹೀರಿಕೊಂಡಿರುತ್ತದೆ, ಮೇಲೆ ನೀರು ಹೊಯ್ದರೆ ಒಳಗಿನದು ಬರೋದಿಲ್ಲ. ಯೂರಿನಲ್ ಮತ್ತು ಗೋಡೆ ಸೇರುವ ಸಂದು, ಕಮೋಡಿನ ಬುಡದ ಸ್ಕ್ರೂ, ಮೊಣಕಾಲೆತ್ತರದ ತನಕ ಸಿಡಿದ ಗೋಡೆ, ನೆಲ ಗೋಡೆ ಕೂಡುವ ಮೂಲೆ, ಇವೆಲ್ಲ ಅದೇ ಕಥೆ. ಕಟ್ಟುವಾಗಲೇ ದೊಡ್ಡ ಟೈಲ್ಸ್ ಹಾಕಿ ಸಂದುಗಳನ್ನು ಕಡಿಮೆ ಮಾಡಬೇಕು, ಸಂದಿಗೆ ನೀರು ಹೀರದ ಎಪಾಕ್ಸಿ ಅಂಟು ತುಂಬಬೇಕು, ಮೂಲೆಯನ್ನು ಗುಂಡಗೆ ತಿರುಗಿಸಬೇಕು. ಕಮೋಡ್ ಗೋಡೆಗೆ ನೇತಾಡುವಂಥದ್ದಾದರೆ ಅದರ ಕೆಳಗೆ ಮಾಪ್ ಸರಾಗವಾಗಿ ಹೋಗುತ್ತದೆ. ಕೋಣೆಗಳ ನಡುವಿನ ಪಾರ್ಟಿಷನ್ ನೆಲದಿಂದ ಸುಮಾರು 15 ಸೆಂ.ಮೀ. ಮೇಲಿರಲಿ. ನೆಲದ ವಾಟ ಸರಿ ಇದೆಯಾ ಅಂತ ಟೈಲ್ಸ್ ಹಾಕಿದ ದಿನವೇ ಒಂದು ಬಕೆಟ್ ನೀರು ಹೊಯ್ದು ನೋಡಿ. ಎಲ್ಲಾದರೂ ಅಂಗೈಯಗಲ ನೀರು ನಿಂತರೂ ಕಂಟ್ರಾಕ್ಟರಿಗೆ ಅವತ್ತೇ ಹೇಳಿ. ಆಮೇಲೆ ಹೇಳಿದರೆ ಯಾರೂ ಕಿತ್ತು ಹಾಕೋದಿಲ್ಲ.

ನಿಮ್ಮಲ್ಲಿ ಟೈಲ್ಸ್ ಆಗಲೇ ಹಾಕಿಯಾಗಿದೆ. ಸಂದುಗಳನ್ನು ಮಾತ್ರ ಕೆರೆದು ಎಪಾಕ್ಸಿ ತುಂಬಿಸಬಹುದು, ಅಷ್ಟಕ್ಕೆ ನೆಲ ಕೀಳಬೇಕಿಲ್ಲ. ಪೈಪಿನೊಳಗೆ ಕಟ್ಟುವ ಹಳದಿ ಕರೆ ಬೇರೆ. ಅದು ಮೂತ್ರದ ಲವಣ ಗಟ್ಟಿಯಾಗಿದ್ದು, ಸೋಪಿನ ನೀರಿಗೆ ಬಗ್ಗೋದಿಲ್ಲ. ಸಿಟ್ರಿಕ್ ಆ್ಯಸಿಡ್‌ನಂಥ ಹಗುರ ಆಮ್ಲವನ್ನು ಆಗಾಗ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಉಜ್ಜಬೇಕು.

ಇಷ್ಟಾದರೂ ವಾಸನೆ ಇದ್ದು, ಅದು ಮೂತ್ರದ್ದಲ್ಲ, ಕೊಳೆತ ಮೊಟ್ಟೆಯ ಥರ ಇದೆ ಅಂದರೆ ಚರಂಡಿಯಿಂದ ಮೇಲೆ ಬರುತ್ತಿದೆ. ನೆಲದ ಜಾಲರಿಯ ಕೆಳಗೆ ಟ್ರ್ಯಾಪ್ ಇರುತ್ತದೆ. ಅದರಲ್ಲಿ 5 ಸೆಂ.ಮೀ. ಆಳದಷ್ಟು ನೀರು ನಿಂತು ಚರಂಡಿ ಗಾಳಿಯನ್ನು ತಡೆಯುತ್ತದೆ. ಕೊನೆಯ ಕೋಣೆಯನ್ನು ಯಾರೂ ಬಳಸದಿದ್ದರೆ ಆ ನೀರು ಒಣಗುತ್ತದೆ, ದಾರಿ ತೆರೆಯುತ್ತದೆ. ದಿನಕ್ಕೆ ಒಂದು ಚೊಂಬು ನೀರು ಹೊಯ್ದರೆ ಸರಿಹೋಗುವ ಸಮಸ್ಯೆ ಇದು. ಪಕ್ಕದ ಕೋಣೆಯಲ್ಲಿ ಫ್ಲಶ್ ಮಾಡಿದಾಗ ನಿಮ್ಮ ಕೋಣೆಯ ಟ್ರ್ಯಾಪಿನಲ್ಲಿ ಗುಳುಗುಳು ಅಂತ ಸದ್ದು ಬಂದರೆ ಅದು ಬೇರೆ ಕಾಯಿಲೆ. ಗಾಳಿಯ ಪೈಪು ಇಲ್ಲ, ಅಥವಾ ಕಟ್ಟಿಕೊಂಡಿದೆ. ಹರಿದು ಹೋಗುವ ನೀರು ಟ್ರ್ಯಾಪಿನ ನೀರನ್ನೂ ಎಳೆದುಕೊಂಡು ಹೋಗುತ್ತಿದೆ. ಪ್ಲಂಬರನ್ನು ಕರೆಸಿ, ಚಾವಣಿಯ ಮೇಲೆ ಹೋಗುವ ಪೈಪು ನಿಜವಾಗಿ ಇದೆಯಾ ಅಂತ ನೋಡಿಸಿ.

ಗಾಳಿಯು ಬಸ್ಸಿಗೆ ಕಾಯುವ ಜನರ ಕಡೆಯಿಂದ ಶೌಚಾಲಯದೊಳಗೆ ಬಂದು ಮೇಲಿನಿಂದ ಹೊರಹೋಗಬೇಕು. ಎಕ್ಸಾಸ್ಟ್ ಫ್ಯಾನ್ ಹಾಕಿ, ಒಳಗೆ ಗಾಳಿ ಬರೋಕೆ ಜಾಗವೇ ಇಡದಿದ್ದರೆ ಫ್ಯಾನು ಸಿಕ್ಕ ಕಡೆಯಿಂದ ಗಾಳಿ ಎಳೆಯುತ್ತದೆ, ಒಣಗಿದ ಟ್ರ್ಯಾಪಿನಿಂದಲೂ. ಕೆಳಗೆ ಗಾಳಿ ಬರುವ ಜಾಲರಿ, ಚಾವಣಿಯ ಕೆಳಗೆ ಸುತ್ತಲೂ ತೆರೆದ ಗಾಳಿಕಿಂಡಿ, ಇವೆರಡು ಇದ್ದರೆ ಕರೆಂಟ್ ಹೋದಾಗಲೂ ಕೆಲಸ ನಡೆಯುತ್ತದೆ.

ಪ್ರಶ್ನೆ: ಶೌಚಾಲಯವನ್ನು ಯಾರ ಕಣ್ಣಿಗೂ ಬೀಳದ ಹಾಗೆ ಹಿಂದೆ ಕಟ್ಟಿದರೆ ನಿಲ್ದಾಣ ಚೆನ್ನಾಗಿ ಕಾಣುತ್ತದೆ ಅಂತ ನಮ್ಮ ಸಮಿತಿಯ ಅಭಿಪ್ರಾಯ. ನಿಮ್ಮದು?

ಉತ್ತರ: ನನ್ನದು ಪೂರ್ತಿ ಉಲ್ಟಾ. ರಾತ್ರಿ ಹನ್ನೊಂದಕ್ಕೆ ಇಳಿದ ಹುಡುಗಿ ಒಬ್ಬಳೇ ಆ ಹಿಂದಿನ ಮೂಲೆಗೆ ನಡೆದು ಹೋಗಬೇಕು. ಹೋಗ್ತಾಳಾ? ಟಿಕೆಟ್ ಕೌಂಟರಿನಲ್ಲಿ ಕೂತವರಿಗೆ, ಬೆಂಚಿನಲ್ಲಿ ಕಾಯುವವರಿಗೆ ಶೌಚಾಲಯದ ಬಾಗಿಲು ಕಾಣುತ್ತಿರಬೇಕು. ಒಳಗಿನದು ಕಾಣಬಾರದು, ಅಷ್ಟೇ. ಅದಕ್ಕೆ ದಾರಿ ಇದೆ. ಪ್ರವೇಶಕ್ಕೆ ಬಾಗಿಲೇ ಬೇಡ. ಗೋಡೆಯನ್ನು ಒಂದೆರಡು ತಿರುವು ತಿರುಗಿಸಿ. ವಿಮಾನ ನಿಲ್ದಾಣಗಳಲ್ಲಿ ಹೀಗೇ ಇರುತ್ತದೆ. ಒದ್ದೆ ಹಿಡಿಕೆ ಮುಟ್ಟಬೇಕಿಲ್ಲ, ಎರಡೂ ಕೈಯಲ್ಲಿ ಬ್ಯಾಗ್ ಹಿಡಿದು ಒಳಗೆ ಹೋಗಬಹುದು, ಒಳಗೆ ಯಾರಾದರೂ ಕೂಗಿದರೆ ಹೊರಗೆ ಕೇಳುತ್ತದೆ. ಆ ತಿರುವು ಗಾಲಿಕುರ್ಚಿ ಹೋಗುವಷ್ಟು ಅಗಲ ಇರಲಿ. ಪ್ಲಾನ್ ಮುಗಿಸುವ ಮುಂಚೆ ಕನ್ನಡಿ ಎಲ್ಲಿ ಬರುತ್ತದೆ ಅಂತ ಮಾತ್ರ ತಪ್ಪದೆ ನೋಡಿ. ಗೋಡೆ ಮರೆಮಾಡಿದ್ದನ್ನು ವಾಷ್‌ಬೇಸಿನ್ ಮೇಲಿನ ಕನ್ನಡಿ ಹೊರಗಿನವರಿಗೆ ತೋರಿಸಿಬಿಡುತ್ತದೆ.

ಟೋಕಿಯೊದಲ್ಲಿ ವಾಸ್ತುಶಿಲ್ಪಿ ಶಿಗೆರು ಬಾನ್ 2020ರಲ್ಲಿ ಎರಡು ಪಾರ್ಕುಗಳಲ್ಲಿ ಬಣ್ಣದ ಗಾಜಿನ ಶೌಚಾಲಯ ಕಟ್ಟಿದರು. ಖಾಲಿ ಇದ್ದಾಗ ಗೋಡೆ ಪಾರದರ್ಶಕ, ಚಿಲಕ ಹಾಕಿದರೆ ಒಳಗಿನದು ಕಾಣೋದಿಲ್ಲ. ಒಳಗೆ ಚೊಕ್ಕಟ ಇದೆಯಾ, ಯಾರಾದರೂ ಅಡಗಿದ್ದಾರಾ ಅನ್ನುವ ಎರಡು ಅಳುಕಿಗೂ ಹೊರಗಿನಿಂದಲೇ ಉತ್ತರ. ಅಂಥ ಗಾಜು ಎಲ್ಲ ಕಡೆ ಹಾಕಬೇಕಿಲ್ಲ. ಆದರೆ ಅವರು ಯೋಚನೆ ಶುರುಮಾಡಿದ ಜಾಗ ನೋಡಿ, ಒಳಗೆ ಹೋಗುವ ಮುಂಚೆ ಮನುಷ್ಯನಿಗೆ ಏನು ಭಯ ಅಂತ. ನಿಮ್ಮ ಸಮಿತಿಯೂ ಅಲ್ಲಿಂದಲೇ ಶುರುಮಾಡಲಿ.

ಪ್ರಶ್ನೆ: ಅಕ್ಕ, ನಾನು ಬಸ್ ನಿಲ್ದಾಣದಲ್ಲಿ ಶೌಚಾಲಯ ತೊಳೆಯುವ ಕೆಲಸ ಮಾಡ್ತೀನಿ. ಹೊಸ ಕಟ್ಟಡ ಕಟ್ಟಿದಾಗ ನಮ್ಮನ್ನು ಯಾರೂ ಕೇಳಲಿಲ್ಲ. ನೀರು ಹೊರಗಿನ ನಲ್ಲಿಯಿಂದ ಬಕೆಟಲ್ಲಿ ಹೊರಬೇಕು. ಪೊರಕೆ ಇಡೋಕೂ ಜಾಗ ಇಲ್ಲ. ನಮ್ಮಂಥವರ ಮಾತು ಪ್ಲಾನಲ್ಲಿ ಬರೋದು ಹೇಗೆ?

ಉತ್ತರ: ನಿಮ್ಮ ಪತ್ರವನ್ನು ಎಲ್ಲದಕ್ಕಿಂತ ಮೊದಲು ಓದಿದೆ. ಈ ಅಂಕಣ ಓದುವ ಇಂಜಿನಿಯರುಗಳಿಗೆ ನನ್ನ ಬೇಡಿಕೆ ಇದು. ನಕ್ಷೆ ಒಪ್ಪಿಗೆಗೆ ಕಳಿಸುವ ಮುಂಚೆ, ಇಂಥ ಕೆಲಸ ಮಾಡುವವರಲ್ಲಿ ಇಬ್ಬರನ್ನು ಕರೆಸಿ, ಕುರ್ಚಿ ಹಾಕಿ ಕೂರಿಸಿ, ನಕ್ಷೆಯನ್ನು ವಿವರಿಸಿ. ಅವರ ಈ ಅರ್ಧ ದಿನಕ್ಕೂ ಸಂಬಳ ಕೊಡಿ. ಯಾವ ಮೂಲೆಗೆ ಬ್ರಷ್ ಹೋಗೋದಿಲ್ಲ, ಯಾವ ಬಾಗಿಲು ಎರಡು ತಿಂಗಳಲ್ಲಿ ಕಿತ್ತು ಬರುತ್ತದೆ ಅಂತ ಅವರು ಬೆರಳಿಟ್ಟು ತೋರಿಸುತ್ತಾರೆ.

ಕಟ್ಟಡದಲ್ಲಿ ಅವರದ್ದೇ ಒಂದು ಕೋಣೆ ಇರಬೇಕು. ಅಲ್ಲಿ ಮಾಪ್ ತೊಳೆಯೋಕೆ ನೆಲಮಟ್ಟದ ಸಿಂಕ್, ಮಾಪ್ ಒಣಗಿಸೋಕೆ ಕೊಕ್ಕೆ, ಬೀಗ ಇರುವ ಕಪಾಟು, ಬಟ್ಟೆ ಬದಲಿಸೋಕೆ ಮರೆ, ಕೂರೋಕೆ ಬೆಂಚು. ಪ್ರತಿ ವಿಭಾಗದ ಒಳಗೆ ಪೈಪ್ ಸಿಕ್ಕಿಸುವ ನಲ್ಲಿ. ಬಕೆಟ್ ಹೊರೋದು ಬೆನ್ನಿಗೂ ಕಷ್ಟ, ಹೊತ್ತ ನೀರಿನಲ್ಲಿ ತೊಳೆದರೆ ನೆಲಕ್ಕೂ ಸಾಕಾಗೋದಿಲ್ಲ. ಇನ್ನು ಕಟ್ಟಡವನ್ನು ಎರಡು ಅರ್ಧವಾಗಿ ಮಾಡಬೇಕು. ಒಂದು ಅರ್ಧಕ್ಕೆ ಸರಪಳಿ ಹಾಕಿ ತೊಳೆಯುವಾಗ ಇನ್ನೊಂದು ಅರ್ಧ ತೆರೆದಿರಬೇಕು. ಇಲ್ಲದಿದ್ದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ಜನ ಒದ್ದೆ ನೆಲದ ಮೇಲೆ ಚಪ್ಪಲಿ ಹಾಕಿಕೊಂಡೇ ನುಗ್ಗುತ್ತಾರೆ, ನೀವು ಮತ್ತೆ ಮೊದಲಿಂದ ಒರೆಸಬೇಕು. ಕಮೋಡುಗಳ ಹಿಂದಿನ ಗೋಡೆಯ ಆಚೆ ಒಬ್ಬ ಮನುಷ್ಯ ನಡೆಯುವಷ್ಟು ಅಗಲದ ಓಣಿ ಬಿಟ್ಟು ಪೈಪು, ಫ್ಲಶ್ ಟ್ಯಾಂಕು ಎಲ್ಲ ಅಲ್ಲಿ ಇಟ್ಟರೆ ರಿಪೇರಿಗೆ ಗೋಡೆ ಒಡೆಯಬೇಕಿಲ್ಲ, ಕೋಣೆಯನ್ನು ದಿನಗಟ್ಟಲೆ ಮುಚ್ಚಬೇಕಿಲ್ಲ.

ಹೆಂಗಸರ ಪ್ರತಿ ಕೋಣೆಯಲ್ಲೂ ಮುಚ್ಚಳ ಇರುವ ಡಬ್ಬಿ ಬೇಕು. ಡಬ್ಬಿ ಇಲ್ಲದಿದ್ದರೆ ಪ್ಯಾಡು ಕಮೋಡಿಗೆ ಹೋಗುತ್ತದೆ, ಪೈಪು ಕಟ್ಟುತ್ತದೆ, ಕೈ ಹಾಕಿ ತೆಗೆಯಬೇಕಾದವರು ನೀವು.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರನ್ನು ಯಾವತ್ತೂ ಒಟ್ಟಿಗೆ ಬಳಸಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಸಣ್ಣ ಕೋಣೆಯಲ್ಲಿ ಅದು ಶ್ವಾಸಕೋಶವನ್ನೇ ಸುಡುತ್ತದೆ. ಮೂತ್ರ ಕಟ್ಟಿದ ಕಡೆ ಬ್ಲೀಚ್ ಹಾಕಿದರೂ ಅಮೋನಿಯಾ ಜೊತೆ ಸೇರಿ ಕೆಟ್ಟ ಅನಿಲ ಏಳುತ್ತದೆ. ಮೊದಲು ಜಾಸ್ತಿ ನೀರು ಹಾಕಿ ತೊಳೆದುಬಿಡಿ.

ಪ್ರಶ್ನೆ: ನನ್ನ ತಂದೆ ಗಾಲಿಕುರ್ಚಿಯಲ್ಲಿ ಓಡಾಡುತ್ತಾರೆ. ಒಂದು ನಿಲ್ದಾಣದಲ್ಲಿ ಅಂಗವಿಕಲರ ಶೌಚಾಲಯ ಅಂತ ಬೋರ್ಡ್ ಇತ್ತು, ಬೀಗ ಹಾಕಿತ್ತು. ಕೀ ತರಿಸಿ ತೆಗೆಸಿದರೆ ಒಳಗೆ ಬಕೆಟ್, ಪೊರಕೆ ತುಂಬಿದ್ದರು. ಕುರ್ಚಿ ತಿರುಗಲಿಲ್ಲ. ಸರಿಯಾದದ್ದು ಹೇಗಿರಬೇಕು?

ಉತ್ತರ: ಓದಿ ಬೇಜಾರಾಯಿತು. ಹಿಂದಿನ ಪತ್ರಕ್ಕೂ ನಿಮ್ಮದಕ್ಕೂ ನಂಟಿದೆ ನೋಡಿ. ತೊಳೆಯುವವರಿಗೆ ಕೋಣೆ ಕೊಡದೆ ಕಟ್ಟಿದರೆ ಅವರು ಪೊರಕೆಯನ್ನು ಎಲ್ಲಿ ಇಡಬೇಕು? ದೊಡ್ಡದಾಗಿ ಖಾಲಿ ಇರುವ ಕೋಣೆ ಅದೊಂದೇ.

ಗಾಲಿಕುರ್ಚಿ ತಿರುಗೋಕೆ ಒಳಗೆ 1.5 ಮೀಟರ್ ವ್ಯಾಸದ ಖಾಲಿ ಜಾಗ ಬೇಕು. ಬಾಗಿಲು 90 ಸೆಂ.ಮೀ. ಅಗಲ ತೆರೆಯಬೇಕು, ಹೊರಗಡೆಗೆ ತೆರೆಯಬೇಕು ಅಥವಾ ಪಕ್ಕಕ್ಕೆ ಸರಿಯಬೇಕು. ಒಳಗೆ ತೆರೆಯುವ ಬಾಗಿಲಾದರೆ, ಬಿದ್ದ ಮನುಷ್ಯನೇ ಅದನ್ನು ಅಡ್ಡಗಟ್ಟಿ ಮಲಗಿರುತ್ತಾನೆ, ಸಹಾಯಕ್ಕೆ ಬಂದವರು ತಳ್ಳೋಕಾಗಲ್ಲ. ಕಮೋಡಿನ ಎತ್ತರ 45ರಿಂದ 48 ಸೆಂ.ಮೀ. ಇದ್ದರೆ ಕುರ್ಚಿಯಿಂದ ಸರಿದು ಕೂರೋದು ಸುಲಭ. ಕುರ್ಚಿ ನಿಲ್ಲುವ ಕಡೆಯ ಹಿಡಿಕಂಬಿ ಮೇಲಕ್ಕೆ ಮಡಚುವಂಥದ್ದಿರಲಿ, ಗೋಡೆ ಕಡೆಯದು ಗಟ್ಟಿಯಾಗಿ ಕೂತಿರಲಿ. ಟೊಳ್ಳು ಗೋಡೆಗೆ ಸ್ಕ್ರೂ ಹೊಡೆದು ನಿಲ್ಲಿಸಿದ ಕಂಬಿ ಮೊದಲ ಸಲ ಭಾರ ಬಿದ್ದಾಗಲೇ ಕಳಚುತ್ತದೆ. ವಾಷ್‌ಬೇಸಿನ್ ಕೆಳಗೆ ಮೊಣಕಾಲು ಹೋಗಬೇಕು. ಸಹಾಯಕ್ಕೆ ಕರೆಯೋಕೆ ಎಳೆಯುವ ತುರ್ತು ಹಗ್ಗ ನೆಲದಿಂದ 10 ಸೆಂ.ಮೀ. ಎತ್ತರದ ತನಕ ಇಳಿದಿರಬೇಕು, ಯಾಕೆಂದರೆ ಅದನ್ನು ಎಳೆಯುವವರು ಬಹುಶಃ ನೆಲದ ಮೇಲೆ ಬಿದ್ದಿರುತ್ತಾರೆ. ಹಗ್ಗ ಅಡ್ಡ ಬರುತ್ತದೆ ಅಂತ ಎಷ್ಟೋ ಕಡೆ ಸುತ್ತಿ ಮೇಲೆ ಕಟ್ಟಿರುತ್ತಾರೆ. ಕಂಡರೆ ದಯವಿಟ್ಟು ಬಿಚ್ಚಿ ಬಿಡಿ.

ಪ್ಲಾಟ್‌ಫಾರ್ಮಿನಿಂದ ಅಲ್ಲಿಗೆ ಹೋಗುವ ದಾರಿಯಲ್ಲಿ ಒಂದೇ ಒಂದು ಮೆಟ್ಟಿಲಿದ್ದರೂ ಮೇಲಿನದೆಲ್ಲ ವ್ಯರ್ಥ. ರ‍್ಯಾಂಪ್ ಒಂದು ಅಡಿ ಏರೋಕೆ ಕನಿಷ್ಠ 12 ಅಡಿ ಉದ್ದ ಇರಬೇಕು. ಇನ್ನು ಬೀಗದ ವಿಷಯ. ಈ ಕೋಣೆಯನ್ನು ಗಾಲಿಕುರ್ಚಿಯವರಿಗೆ ಮಾತ್ರ ಅಂತ ಮೀಸಲಿಡದೆ ವಯಸ್ಸಾದವರು, ಮಗು ಇರುವವರು, ಆಸರೆ ಬೇಕಾದವರು ಎಲ್ಲರೂ ಬಳಸಲಿ. ದಿನವಿಡೀ ಬಳಕೆಯಲ್ಲಿರುವ ಕೋಣೆ ಗೋಡೌನ್ ಆಗೋದಿಲ್ಲ.

ಪ್ರಶ್ನೆ: ದುಡ್ಡು ತಗೊಂಡರೆ ಚೊಕ್ಕಟವಾಗಿ ಇಡಬಹುದು ಅನ್ನುತ್ತಾರೆ. ಸರಿನಾ?

ಉತ್ತರ: ನಿರ್ವಹಣೆಗೆ ದುಡ್ಡು ಬೇಕು, ನಿಜ. ಆದರೆ ಅದನ್ನು ಬಾಗಿಲಲ್ಲಿ ಕೇಳೋದು ನನಗೆ ಒಪ್ಪಿಗೆ ಇಲ್ಲ. ಯೂರಿನಲ್ ಪುಕ್ಕಟೆ, ಕೋಣೆಗೆ ದುಡ್ಡು ಅಂತ ಮಾಡಿದ ಕಡೆಯೆಲ್ಲ ಹೆಂಗಸರೇ ತೆರಬೇಕಾಗುತ್ತದೆ. ಇದನ್ನು ವಿರೋಧಿಸಿ 1969ರಲ್ಲಿ ಕ್ಯಾಲಿಫೋರ್ನಿಯಾದ ಶಾಸಕಿ ಮಾರ್ಚ್ ಫಾಂಗ್ ಯೂ ಅಲ್ಲಿನ ಶಾಸನಭವನದ ಮುಂದೆ ಸುತ್ತಿಗೆಯಲ್ಲಿ ಕಮೋಡ್ ಒಡೆದರು. ಕಟ್ಟಡದ ದೃಷ್ಟಿಯಿಂದಲೂ ತೊಂದರೆ ಇದೆ. ದುಡ್ಡು ವಸೂಲಿಗೆ ಅಂತ ಹಾಕುವ ತಿರುಗು ಗೇಟಿನಲ್ಲಿ ಗಾಲಿಕುರ್ಚಿ ಹೋಗಲ್ಲ, ದೊಡ್ಡ ಬ್ಯಾಗು ಸಿಕ್ಕಿಹಾಕಿಕೊಳ್ಳುತ್ತದೆ. ಖರ್ಚನ್ನು ಟಿಕೆಟ್ಟಿನಲ್ಲಿ ಅಥವಾ ಅಂಗಡಿ ಬಾಡಿಗೆಯಲ್ಲಿ ಹುಡುಕಲಿ.

ಪ್ರಶ್ನೆ: ಬ್ಯಾಗ್ ಎಲ್ಲಿಡಬೇಕು? ಪ್ರತಿ ಸಲ ಇದೇ ಗೋಳು.

ಉತ್ತರ: ಬಾಗಿಲ ಹಿಂದೆ ಗಟ್ಟಿ ಕೊಕ್ಕೆ, ಕಮೋಡಿನ ಹಿಂದೆ ಒಂದಡಿ ಅಗಲದ ಕಲ್ಲಿನ ಶೆಲ್ಫ್, ವಾಷ್‌ಬೇಸಿನ್ ಪಕ್ಕ ಇನ್ನೊಂದು. ಬಸ್ ನಿಲ್ದಾಣದಲ್ಲಿ ಬರಿಗೈಯಲ್ಲಿ ಬರುವವರು ಕಡಿಮೆ, ಹಾಗಾಗಿ ಕೋಣೆಯನ್ನೇ ಮಾಮೂಲಿಗಿಂತ ಒಂದಡಿ ಉದ್ದ ಮಾಡಿಸಿ.

ಪ್ರಶ್ನೆ: ನಮ್ಮ ಕಡೆ ಒಳಚರಂಡಿ ಇಲ್ಲ, ಸೆಪ್ಟಿಕ್ ಟ್ಯಾಂಕೇ ಗತಿ. ನೀರು, ಟ್ಯಾಂಕು ಎರಡರ ಲೆಕ್ಕ ಹೇಗೆ?

ಉತ್ತರ: ದಿನಕ್ಕೆ 2,000 ಜನ ಬಳಸುತ್ತಾರೆ, ಫ್ಲಶ್ ಮತ್ತು ಕೈ ತೊಳೆಯೋದು ಸೇರಿ ತಲಾ 7 ಲೀಟರ್ ಅಂದರೆ 14,000 ಲೀಟರ್. ನೆಲ ತೊಳೆಯೋಕೆ ಇನ್ನೊಂದು 2,000 ಸೇರಿಸಿ. ಕರೆಂಟ್ ಕೈಕೊಟ್ಟರೂ ಒಂದು ದಿನ ನಡೆಯುವಷ್ಟು ನೀರು ಸಂಪು, ಟ್ಯಾಂಕು ಸೇರಿ ಇರಲಿ. ನೀರಿಲ್ಲದ ಒಂದು ಮಧ್ಯಾಹ್ನ ಸಾಕು, ಆಮೇಲೆ ವಾರ ತೊಳೆದರೂ ಜನರಿಗೆ ಆ ಶೌಚಾಲಯದ ಮೇಲೆ ನಂಬಿಕೆ ಬರೋದಿಲ್ಲ. 3 ಮತ್ತು 6 ಲೀಟರಿನ ಎರಡು ಗುಂಡಿಯ ಫ್ಲಶ್, ತಾನೇ ನಿಲ್ಲುವ ಒತ್ತು ನಲ್ಲಿ ಹಾಕಿದರೆ ನೀರೂ ಉಳಿಯುತ್ತದೆ, ಸೆಪ್ಟಿಕ್ ಟ್ಯಾಂಕಿನ ಮೇಲಿನ ಹೊರೆಯೂ ಇಳಿಯುತ್ತದೆ.

ಟ್ಯಾಂಕಿನಲ್ಲಿ ಮಲ ಕೊಳೆಯೋದು ಬ್ಯಾಕ್ಟೀರಿಯಾದಿಂದ. ದಿನವೂ ಬಾಟಲಿಗಟ್ಟಲೆ ಆ್ಯಸಿಡ್, ಬ್ಲೀಚ್ ಸುರಿದರೆ ಅವು ಸಾಯುತ್ತವೆ, ಟ್ಯಾಂಕು ಬೇಗ ತುಂಬುತ್ತದೆ. ಇದಕ್ಕೂ ಸೇರಿಯೇ ನಾನು ಮೇಲೆ ಸಂದು ಕಡಿಮೆ ಇರುವ ನೆಲ, ಗುಂಡಗಿನ ಮೂಲೆ ಅಂತ ಅಷ್ಟು ಹೇಳಿದ್ದು. ಸುಲಭವಾಗಿ ತೊಳೆಯಬಹುದಾದ ನೆಲಕ್ಕೆ ಸೋಪು, ಬ್ರಷ್, ನೀರು ಸಾಕು.

ಟ್ಯಾಂಕನ್ನು ಬಸ್ಸು ತಿರುಗುವ ಜಾಗದ ಕೆಳಗೆ ಇಡಬೇಡಿ. ಬಸ್ಸಿನ ಭಾರಕ್ಕೆ ಮುಚ್ಚಳ ಬಿರುಕು ಬಿಡುತ್ತದೆ, ಖಾಲಿ ಮಾಡಿಸುವ ದಿನ ಪ್ಲಾಟ್‌ಫಾರ್ಮೇ ಮುಚ್ಚಬೇಕಾಗುತ್ತದೆ. ಹೀರುವ ಲಾರಿ ಪಕ್ಕದಲ್ಲಿ ಬಂದು ನಿಲ್ಲೋಕೆ ದಾರಿ ಬಿಡಿ, ಅದರ ಪೈಪು ತಳ ಮುಟ್ಟುವ ಹಾಗೆ ಟ್ಯಾಂಕಿನ ಪ್ರತಿ ಭಾಗಕ್ಕೂ ಪ್ರತ್ಯೇಕ ಮುಚ್ಚಳ ಇಡಿ. ಒಂದೇ ಮುಚ್ಚಳ ಇಟ್ಟು ಉಳಿದದ್ದಕ್ಕೆ ಮನುಷ್ಯನನ್ನು ಇಳಿಸುವ ಪರಿಸ್ಥಿತಿ ಬರಲೇಬಾರದು. ಒಳಗಿನ ಹೈಡ್ರೋಜನ್ ಸಲ್ಫೈಡ್ ಅನ್ನುವ ವಿಷಾನಿಲ ಕೆಲವೇ ಉಸಿರಿನಲ್ಲಿ ಪ್ರಜ್ಞೆ ತಪ್ಪಿಸುತ್ತದೆ, ಎತ್ತೋಕೆ ಇಳಿದ ಎರಡನೆಯವರೂ ಮೇಲೆ ಬರೋದಿಲ್ಲ. ನಕ್ಷೆಯಲ್ಲಿ ಆ ಮುಚ್ಚಳಗಳು ಮತ್ತು ಲಾರಿ ನಿಲ್ಲುವ ಜಾಗ ಎರಡನ್ನೂ ಗುರುತು ಹಾಕಿಸಿ, ಆಮೇಲೆ ಸಹಿ ಮಾಡಿ.